ಬಿಸಿ ರೊಟ್ಟಿಗೊಂದು ಮೋಟಾರು

ಇಚಲಕರಂಜಿಯ ಶಾಂತಿನಾಥ ಚೌಗುಲೆಯವರಿಗೆ ಆಸ್ತಿಯ ಆಸೆ ಇರಲಿಲ್ಲ, ಅಧಿಕಾರದ ಆಸೆಯೂ ಇರಲಿಲ್ಲ. ಮುನಿಸಿಪಾಲಿಟಿ ಚುನಾವಣೆಗೆ ನಿಲ್ಲಿರೆಂದು ನಾಲ್ಕು ಮಂದಿ ಮನೆಗೆ ಬಂದು ಕೇಳಿದಾಗಲೂ (ಇಬ್ಬರೇ ಬಂದಿದ್ದರೆಂದು ಹೆಂಡತಿ ಹೇಳುತ್ತಾಳೆ) ಅವರು ಒಪ್ಪಲಿಲ್ಲ. ಜೀವನದಲ್ಲಿ ಅವರು ಬಯಸಿದ್ದು ಒಂದೇ: ಸಂಜೆ ತವೆಯಿಂದ ಆಗತಾನೆ ಇಳಿದು, ಹೊಟ್ಟೆಯುಬ್ಬಿಸಿಕೊಂಡು, ಚುಚ್ಚಿದರೆ ಉಸ್ಸೆಂದು ಉಗಿ ಬಿಡುವ ಜೋಳದ ರೊಟ್ಟಿ. ಇಷ್ಟು ಸಣ್ಣ ಆಸೆಯ ಮನುಷ್ಯನಿಗೆ ಅಷ್ಟು ದೊಡ್ಡ ಖರ್ಚು ಬರಬಾರದಾಗಿತ್ತು.

ಎಲ್ಲಕ್ಕೂ ಮೂಲ ಗಡಹಿಂಗ್ಲಜ ಎಂಬ ಊರು. ಚೌಗುಲೆಯವರದು ಸೀರೆ ವ್ಯಾಪಾರ. ಮನೆಮನೆಯಲ್ಲಿ ಮಗ್ಗ ಖಟಖಟ ಎನ್ನುವ ಇಚಲಕರಂಜಿಯಲ್ಲಿ ಸೀರೆ ಮಾರುವುದೆಂದರೆ ಹೊಳೆಯ ದಂಡೆಯಲ್ಲಿ ಕುಳಿತು ನೀರು ಮಾರಿದ ಹಾಗೆ ಎಂಬ ಸತ್ಯ ಅವರಿಗೆ ಹದಿನಾಲ್ಕು ವರ್ಷದ ಆಳವಾದ ವಿಚಾರದ ನಂತರ ಹೊಳೆಯಿತು. ಅಂಗಡಿಯನ್ನು ಗಡಹಿಂಗ್ಲಜಕ್ಕೆ ಒಯ್ದರು. ಅಲ್ಲಿ ವ್ಯಾಪಾರ ಹತ್ತಿತು. ಆದರೆ ಮನೆ ಇಚಲಕರಂಜಿಯಲ್ಲಿಯೇ ಉಳಿಯಿತು. ಅಂದರೆ ಬೆಳಿಗ್ಗೆ ಮಹಾರಾಷ್ಟ್ರದಲ್ಲಿ ಬಸ್ಸು ಹತ್ತಿ, ಮೈಸೂರು ರಾಜ್ಯದ ನಿಪ್ಪಾಣಿಯಲ್ಲಿ ಇಳಿದು, ಬೇರೆ ಬಸ್ಸು ಹಿಡಿದು ಮತ್ತೆ ಮಹಾರಾಷ್ಟ್ರಕ್ಕೆ ಹೋಗಬೇಕು. ಸಂಜೆ ಇದೇ ದಿಗ್ವಿಜಯ ಹಿಂದುಮುಂದಾಗಿ. ಮನೆ ಮುಟ್ಟುವಾಗ ಏಳು ಗಂಟೆ.

ಏಳಾದರೇನಾಯಿತು ಎಂದು ನೀವು ಕೇಳಬಹುದು. ಚೌಗುಲೆಯವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಈ ನಿಯಮವನ್ನು ಜಾರಿಗೆ ತರುವ ಇಲಾಖೆ ಅವರ ತಾಯಿ ಬಾಳಕ್ಕನ ಕೈಯಲ್ಲಿತ್ತು. ಪಡುವಣದಲ್ಲಿ ಸೂರ್ಯನ ತಲೆ ಮರೆಯಾದ ಕ್ಷಣಕ್ಕೆ ಬಾಳಕ್ಕ ಅಡುಗೆಮನೆಯ ಬಾಗಿಲು ಮುಚ್ಚಿ, ಅದರ ಎದುರಿಗೇ ಮಣೆ ಹಾಕಿಕೊಂಡು, ಜಪಮಣಿ ಹಿಡಿದು ಕೂಡುತ್ತಿದ್ದಳು. ಮಗ ಏಳಕ್ಕೆ ಬಂದು, ಆ ಬಾಗಿಲನ್ನೂ ತಾಯಿಯನ್ನೂ ನೋಡಿ, ನೀರನ್ನೂ ಕುಡಿಯದೆ ಮಲಗುತ್ತಿದ್ದ. ಹೋಟೆಲ್ಲಿನಲ್ಲಿ ಉಣ್ಣುವಂತಿಲ್ಲ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಸೋಂಕಿದ ಪಾತ್ರೆ. ಮಧ್ಯಾಹ್ನದ ಊಟದ ಡಬ್ಬಿಯ ಜೊತೆಗೆ ಸಂಜೆಗೆಂದು ಎರಡನೆಯ ಡಬ್ಬಿ ಒಯ್ದು ನೋಡಿದರು. ನಸುಕಿನ ಐದಕ್ಕೆ ಬಡಿದ ರೊಟ್ಟಿ ಸಂಜೆ ಐದಕ್ಕೆ ಬಸ್ಸಿನಲ್ಲಿ ಮುರಿದಾಗ, ಮುಂದಿನ ಸೀಟಿನವನು ಕಿಟಕಿಯ ಗಾಜು ಒಡೆಯಿತೆಂದು ಹೊರಳಿ ನೋಡಿದ.

ಹೀಗೆ ಹನ್ನೊಂದು ತಿಂಗಳು ಕಳೆದು, ಸಾವಿರದ ಒಂಬೈನೂರ ಅರವತ್ತೊಂದರ ದಸರೆಯ ಮರುದಿನ ಚೌಗುಲೆಯವರು ಉಪವಾಸದಿಂದ ಹುಟ್ಟಿದ ಗಂಭೀರ ಧ್ವನಿಯಲ್ಲಿ ಘೋಷಿಸಿದರು: "ನಾ ಮೋಟಾರ ತಗೋತೇನಿ."

ಹೆಂಡತಿ ಶಾಲನ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಯಾತರ ಮ್ಯಾಲ ತಗೋತೀರಿ?"

"ರೊಕ್ಕದ ಮ್ಯಾಲ."

"ಅದ ಯಾರ ಕಡೆ ಐತಿ?"

ಪ್ರಶ್ನೆ ಸರಿಯಾಗಿತ್ತು. ಹೊಸ ಕಾರಿಗೆ ಹೆಸರು ಬರೆಸಿದರೆ ಪಾಳಿ ಬರಲು ಆರೇಳು ವರ್ಷ; ಅಷ್ಟು ದಿನ ಉಪವಾಸವಿದ್ದರೆ ಕಾರಿನ ಬದಲು ಮೋಕ್ಷವೇ ಬರುತ್ತಿತ್ತು. ಹಳೆಯದನ್ನೇ ಕೊಳ್ಳಬೇಕು. ಅದಕ್ಕೂ ಮೂರು ಸಾವಿರದ ಮೇಲೆ ಬೇಕು. ಚೌಗುಲೆಯವರ ಬಳಿ ಬಿಡುವಾಗಿದ್ದದ್ದು ಏಳುನೂರು. ಬಾಳಕ್ಕ ತನ್ನ ತವರು ಉದಗಾಂವದ ಹೊಲದ ಕಬ್ಬಿನ ರೊಕ್ಕ ಎರಡು ಸಾವಿರ ಕೊಡಲು ಒಪ್ಪಿದಳು, "ಮಗ ಹಸದು ಮಕ್ಕೋತಾನ, ನೋಡಾಕ ಆಗವಲ್ದು" ಎಂದು. (ಬಾಗಿಲು ತೆರೆಯುವ ವಿಚಾರ ಮಾತ್ರ ಅವಳಿಗೆ ಹೊಳೆಯಲಿಲ್ಲ.) ಶಾಲನ ಕೈಯಿಂದ ಎರಡು ಬಂಗಾರದ ಪಾಟಲಿ ಕಳಚಿ ಕೊಟ್ಟಳು. ಮೋಟಾರು ನಡೆಸಲು ಅವಳ ತಮ್ಮ ಮಹಾವೀರ ಜಯಸಿಂಗಪುರದಿಂದ ಬಂದ. ಅವನು ಎರಡು ವರ್ಷ ಲಾರಿ ನಡೆಸಿದವನು. ಚೌಗುಲೆಯವರಿಗೆ ಹಾರ್ನು ಬಾರಿಸಲು ಮಾತ್ರ ಬರುತ್ತಿತ್ತು.

ನಾಲ್ವರೂ ಕೊಲ್ಹಾಪುರಕ್ಕೆ ಹೋದರು. ಅಲ್ಲಿ ಸ್ಟೇಶನ್ನಿನ ಹಿಂದೆ ಧೋಂಡಿಬಾ ಎಂಬ ದಲಾಲ, ಹಳೆಯ ಮೋಟಾರುಗಳನ್ನು ದನದ ಸಂತೆಯಂತೆ ಸಾಲಾಗಿ ನಿಲ್ಲಿಸಿಕೊಂಡಿದ್ದ. ಮೊದಲು ತೋರಿಸಿದ್ದು ಒಂದು ಕಪ್ಪು ಕಾರು. ಬಗ್ಗಿದರೆ ಮುಖ ಕಾಣುವಷ್ಟು ಹೊಳಪು. ಯಾವುದೋ ಸಂಸ್ಥಾನಿಕರ ಮನೆಯದಂತೆ. ಮಹಾವೀರ ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದವನು, "ದಾಜೀ, ಇಂಜಿನ್ ಬಂಗಾರ!" ಎಂದು ಅಲ್ಲಿಂದಲೇ ಕೂಗಿದ. ಅಕ್ಕನ ಗಂಡನನ್ನು ಅವನು ಕರೆಯುವುದು ಹಾಗೆ.

ಬಾಳಕ್ಕ ಹಿಂದಿನ ಬಾಗಿಲು ತೆಗೆದು, ಒಳಗೆ ಬಗ್ಗಿ, ಮೂಗು ಏರಿಸಿದಳು. ಮತ್ತೊಮ್ಮೆ ಏರಿಸಿದಳು.

"ಇದ ಏನ ವಾಸನೀಪಾ?"

ಧೋಂಡಿಬಾ ಹೆಮ್ಮೆಯಿಂದ ಸೀಟಿನ ಮೇಲೆ ಕೈಯಾಡಿಸಿದ. "ಆಜೀಬಾಯಿ, ಅಸಲೀ ಚರ್ಮ! ವಿಲಾಯತೀ! ಹಾತ ಲಾವೂನ ಬಘಾ, ಕೈ ಹಚ್ಚಿ ನೋಡ್ರಿ, ಲೋಣಿ! ಬೆಣ್ಣಿ!"

ಬಾಳಕ್ಕ ಕೈ ಹಚ್ಚಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಝಾಡಿಸಿಕೊಂಡಳು. "ಶಾಂತೂ, ಎರಡ ದನಾ ಕೊಂದು ಅದರ ಮ್ಯಾಲ ನನ್ನ ಕುಂಡರಸ್ತಿ ಏನೋ?"

"ಅವ್ವಾ, ಅವು ಸತ್ತು ಭಾಳ ವರ್ಷ ಆಗಿರ್ತಾವ. ಮತ್ತ ವಿಲಾಯತಿ ದನಾ."

"ವಿಲಾಯತಿ ದನಕ್ಕ ಜೀವ ಇರೂದಿಲ್ಲೇನ?"

ಧೋಂಡಿಬಾ ಆ ಕಾರಿನ ಬಾಗಿಲು ಮುಚ್ಚಿ ಮುಂದಿನದರತ್ತ ನಡೆದ. ಎರಡನೆಯ ಕಾರೂ ಚರ್ಮದ್ದೇ. ಮೂರನೆಯದೂ. ಧೋಂಡಿಬಾನ ಇಡೀ ಅಂಗಳವನ್ನು ಮೂಸುತ್ತ ಬಾಳಕ್ಕ ಕೊನೆಯ ಮೂಲೆಗೆ ಬಂದಳು. ಅಲ್ಲಿ ಬೇವಿನ ಗಿಡದ ಕೆಳಗೆ ಒಂದು ಹಸಿರು ಕಾರು. ಅದರಲ್ಲಿ ಸೀಟುಗಳೇ ಇರಲಿಲ್ಲ. ಇಲಿ ತಿಂದುಬಿಟ್ಟಿದ್ದವು. ಬರೀ ಸ್ಪ್ರಿಂಗು ಉಳಿದಿತ್ತು.

"ಇದ ಛಲೋ ಐತಿ," ಎಂದಳು ಬಾಳಕ್ಕ.

"ಆಜೀಬಾಯಿ, ಹ್ಯಾಚ್ಯಾತ ಬಸಾಯಲಾ ಕಾಯ್ ನಾಹೀ!" ಧೋಂಡಿಬಾ ಗಾಬರಿಯಾದ. ಕೂಡುವುದಕ್ಕೇ ಏನೂ ಇಲ್ಲದ ಕಾರನ್ನು ಯಾರಾದರೂ ಕೇಳಿಯಾರೆಂದು ಅವನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಗಾಬರಿ ಇಳಿದೊಡನೆ ಬೆಲೆಯನ್ನು ಇನ್ನೂರು ಏರಿಸಿದ.

ಹೀಗೆ, ಕೊಲ್ಹಾಪುರ ಜಿಲ್ಲೆಯಲ್ಲಿಯೇ ಸೀಟಿಲ್ಲವೆಂಬ ಗುಣಕ್ಕಾಗಿ ಆಯ್ಕೆಯಾದ ಏಕಮಾತ್ರ ಮೋಟಾರು ಚೌಗುಲೆಯವರ ಅಂಗಳಕ್ಕೆ ಬಂತು. ಶಾಲನ ಕಬನೂರಿನ ಮಗ್ಗದಿಂದ ಪಟ್ಟಾಪಟ್ಟಿ ಬಟ್ಟೆ ತರಿಸಿದಳು. ಪಿಂಜಾರ ಬಂದು ಹತ್ತಿ ಹಿಂಜಿ ಎರಡು ಭರ್ಜರಿ ಗಾದಿ ತುಂಬಿಕೊಟ್ಟ. ಗಾದಿ ಎಷ್ಟು ಎತ್ತರವಾಯಿತೆಂದರೆ, ಮಹಾವೀರ ತಲೆ ತಗ್ಗಿಸಿ, ಸದಾ ಯಾರಿಗೋ ಕ್ಷಮೆ ಕೇಳುವವನಂತೆ ಮೋಟಾರು ನಡೆಸಬೇಕಾಯಿತು. ಆದರೆ ಸತ್ಯ ಹೇಳಬೇಕು. ಕಾರು ಕುದುರೆಯಂತೆ ಓಡಿತು. ಕೆಡಲಿಲ್ಲ, ಕೆಮ್ಮಲಿಲ್ಲ. ಕೆಟ್ಟಿದ್ದರೆ ಚೌಗುಲೆಯವರ ಬದುಕು ಸುಖವಾಗಿರುತ್ತಿತ್ತು.

ಮೊದಲನೆಯ ದಿನ ಅವರು ಮೂರೂವರೆಗೆ ಗಡಹಿಂಗ್ಲಜ ಬಿಟ್ಟು ಐದು ಹತ್ತಕ್ಕೆ ಮನೆಯ ಮುಂದೆ ಇಳಿದರು. ಸೂರ್ಯ ಇನ್ನೂ ಎರಡು ಮಾರು ಮೇಲಿದ್ದ. ಚೌಗುಲೆಯವರು ಅವನಿಗೊಂದು ವಿಜಯದ ನೋಟ ಬೀರಿ, ಚಪ್ಪಲಿ ಬಿಡುತ್ತ, "ಶಾಲನಾ, ತವಿ ಇಡು!" ಎಂದರು.

ಶಾಲನ ಇರಕಲ್ ಸೀರೆ ಉಟ್ಟು, ಹೂ ಮುಡಿದು ಹೊಸ್ತಿಲಲ್ಲಿ ನಿಂತಿದ್ದಳು. ಹಿಂದೆ ಬಾಳಕ್ಕ.

"ಒಂದ ಸುತ್ತ ಹೋಗಿ ಬರ್ತೇವಿ. ಬಸ್ತಿಗೆ, ದೇವರ ದರ್ಶನಕ್ಕ."

"ಮದಲ ಒಂದ ರೊಟ್ಟಿ..."

"ನಂದು ಎರಡ ಪಾಟಲಿ ಅದರಾಗ ಹೋಗ್ಯಾವರಿ. ನಾ ಒಂದ ಸುತ್ತ ಹಾಕಬಾರದ?"

"ನಂದು ಎರಡ ಸಾವಿರ," ಎಂದು ಬಾಳಕ್ಕ ಹಿಂದಿನಿಂದ ನೆನಪಿಸಿದಳು. ಏಳುನೂರರ ಪಾಲುದಾರರು ದಾರಿ ಬಿಟ್ಟರು. ರೊಟ್ಟಿ ಬಡಿಯುವ ಕೈ ಕಾರು ಹತ್ತಿ ಹೋಯಿತು. ಮರಳಿ ಬರುವ ಹೊತ್ತಿಗೆ ಸೂರ್ಯ ಇರಲಿಲ್ಲ. ಆ ಸಂಜೆ ಚೌಗುಲೆಯವರು ಸೂರ್ಯಾಸ್ತದೊಳಗೆ ಎರಡು ಬಾಳೆಹಣ್ಣು, ಒಂದು ಮುಷ್ಟಿ ಚುರಮುರಿ ತಿಂದರು. ಮರುದಿನ ಅತ್ತೆ ಸೊಸೆ ಇಬ್ಬರೂ ಕಬನೂರಿನ ಗೆಳತಿ ನಾಗೂಬಾಯಿಗೆ ಗಾದಿ ತೋರಿಸಲು ಹೋದರು. ಮೂರನೆಯ ದಿನ ನಾಗೂಬಾಯಿಯೂ ಬಂದಳು, ಕುಂಭೋಜದ ಬಾಹುಬಲಿಯ ದರ್ಶನಕ್ಕೆ.

ಕುಂಭೋಜದಿಂದ ಬರುವಾಗ ಕತ್ತಲಾಗಿ ಮಹಾವೀರ ದೀಪ ಹಚ್ಚಿದ. ಮನೆಯ ಮುಂದೆ ಇಳಿದ ಬಾಳಕ್ಕ ಕಾರಿನ ಮುಂಭಾಗ ನೋಡಿ ನಿಂತುಬಿಟ್ಟಳು. ದೀಪದ ಗಾಜಿನ ಮೇಲೆ ಸತ್ತ ಹುಳ ಮೆತ್ತಿಕೊಂಡಿದ್ದವು. ಅವಳು ಎಣಿಸತೊಡಗಿದಳು. ನಲವತ್ತಕ್ಕೆ ಬಂದಾಗ ದುಃಖ ತಡೆಯದೆ ನಿಲ್ಲಿಸಿ, ಆಜ್ಞೆ ಹೊರಡಿಸಿದಳು: ಈ ಮನೆಯ ಮೋಟಾರು ದೀಪ ಹಚ್ಚಿಕೊಂಡು ಒಂದು ಮಾರೂ ಓಡಕೂಡದು. ಹೊತ್ತು ಮುಳುಗಿದಾಗ ಎಲ್ಲಿರುತ್ತದೋ ಅಲ್ಲಿಯೇ ನಿಲ್ಲಬೇಕು.

ಸಂಜೆಯ ಸುತ್ತಾಟ ಮಾತ್ರ ಹೊತ್ತು ಮುಳುಗುವವರೆಗೂ ನಡೆದೇ ಇತ್ತು. ಎರಡು ವಾರದಲ್ಲಿ ಚೌಗುಲೆಯವರ ಅಂಗಿ ಸಡಿಲಾಯಿತು. ಆಗ ಶಾಲನಳಿಗೆ ಕನಿಕರ ಬಂತು. ಕನಿಕರದ ಜೊತೆಗೆ ಒಂದು ಯೋಜನೆಯೂ ಬಂತು.

"ನೋಡ್ರಿ, ಗಾಡಿ ಗಡಹಿಂಗ್ಲಜದಾಗ ದಿನಾ ಏಳ ತಾಸ ಸುಮ್ನ ನಿಂದರ್ತೈತಿ. ನಮ್ಮ ತಮ್ಮ ಅದರಾಗ ಮಕ್ಕೊಂಡ ಬರ್ತಾನ. ಅದರ ಬದಲಿ ಗಾಡಿ ಇಲ್ಲೇ ಬಿಡ್ರಿ. ನಮಗ ಹಗಲಿನ್ಯಾಗ ತಿರಗ್ಯಾಡಾಕ ಆತು."

"ನಾ ಹ್ಯಾಂಗ ಹೋಗ್ಲಿ?"

"ಬಸ್ಸಿಗೆ. ಬರೂಮುಂದ ಮೂರರ ಬಸ್ಸಿಗೆ ಕುಂತು ನಿಪ್ಪಾಣಿಗೆ ಬರ್ರಿ. ನಾವು ಬಿಸಿ ರೊಟ್ಟಿ ಅರಿವ್ಯಾಗ ಸುತ್ತಿ, ಡಬ್ಬ್ಯಾಗ ಹಾಕಿ, ಬೆಚ್ಚಗ ಗಾದಿ ಒಳಗಿಟ್ಟು ಗಾಡ್ಯಾಗ ತರ್ತೇವಿ. ನೀವು ನಾಲ್ಕೂವರಿಗೆ ಉಂಡ್ರಿ, ದೀಪಾ ಹಚ್ಚೂ ಮುಂಚೆ ಎಲ್ಲಾರೂ ಮನಿ ಮುಟ್ಟಿದ್ವಿ. ಹೌದೋ ಅಲ್ಲೋ?"

ಚೌಗುಲೆಯವರು ಇದರಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಬಸ್ಸು ಬೇಡವೆಂದು ಮೂರು ಸಾವಿರ ಸುರಿದ ಮನುಷ್ಯ ಮತ್ತೆ ಬಸ್ಸಿಗೇ ಹೋಗುವುದು ವಿಚಿತ್ರವೆನಿಸಿತು ನಿಜ. ಆದರೆ ಗಾದಿಯೊಳಗೆ ಬೆಚ್ಚಗೆ ಕುಳಿತ ರೊಟ್ಟಿ ಕಣ್ಣೆದುರು ಬಂದಾಗ ತರ್ಕ ಮಂಕಾಯಿತು. ಬುಧವಾರ ಮಾಡುವುದೆಂದು ನಿಶ್ಚಯವಾಯಿತು.

ಬುಧವಾರ ಎರಡೂ ಮುಕ್ಕಾಲಿಗೆ ಚೌಗುಲೆಯವರು ಕೋಟು ತೊಟ್ಟು ಅಂಗಡಿಯ ಹಲಗೆ ಹಾಕುತ್ತಿದ್ದಾಗ, ಆಜರೆಯ ಕಡೆಯ ಮದುವೆಮನೆಯ ದಂಡೊಂದು ಜವಳಿಗೆಂದು ಬಂದು ಇಳಿಯಿತು. ಮೂವತ್ತೆಂಟು ಸೀರೆ ಬೇಕಂತೆ. ಒಂದು ಕಡೆ ಮೂವತ್ತೆಂಟು ಸೀರೆ, ಒಂದು ಕಡೆ ರೊಟ್ಟಿ. ವಣಿಕ್ಕುಲದ ರಕ್ತ ಒಂದು ಗಳಿಗೆ ಹೊಯ್ದಾಡಿ, ಹಲಗೆ ತೆಗೆಯಿತು. ಮದುಮಗಳ ಸೋದರತ್ತೆಗೆ ಹಸಿರು ಹಿಡಿಸಲಿಲ್ಲ, ಕೆಂಪು ಹಿಡಿಸಲಿಲ್ಲ; ಕೊನೆಗೆ ಹಿಡಿಸಿದ್ದು ಮೊದಲು ತೋರಿಸಿದ ಹಸಿರೇ. ಚೌಗುಲೆಯವರಿಗೆ ಸಿಕ್ಕಿದ್ದು ನಾಲ್ಕೂ ಮುಕ್ಕಾಲರ ಬಸ್ಸು. ದಾರಿಯುದ್ದಕ್ಕೂ ಅವರು ಕಿಟಕಿಯಿಂದ ಸೂರ್ಯನನ್ನು ಕಣ್ಣಿನಿಂದಲೇ ಎತ್ತಿ ಹಿಡಿದಿದ್ದರು. ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ಕಾಲಿಟ್ಟಾಗ ಪಡುವಣದಲ್ಲಿ ಬರೀ ಕೆಂಪು ಉಳಿದಿತ್ತು.

ಹಸಿರು ಕಾರು ಗೋಡೆಯ ಬದಿಗೆ ನಿಂತಿತ್ತು. ಒಳಗಿನಿಂದ ಸಮಾಧಾನದ ದೀರ್ಘ ತೇಗೊಂದು ಕೇಳಿಸಿತು. ಮಹಾವೀರನದು.

"ಡಬ್ಬಿ?" ಎಂದರು ಚೌಗುಲೆಯವರು.

ಶಾಲನ ಸೆರಗಿನ ತುದಿ ತಿರುವಿದಳು. "ನಿಮ್ಮ ದಾರಿ ಭಾಳ ನೋಡಿದ್ವಿ."

"ಡಬ್ಬಿ ಎಲ್ಲೈತಿ ಅಂತ ಕೇಳಾಕತ್ತೇನಿ."

ಉತ್ತರ ಬಾಳಕ್ಕ ಕೊಟ್ಟಳು. "ಹೊತ್ತ ಇಳ್ಯಾಕತ್ತಿತ್ತು, ಶಾಂತೂ. ಮುಳಗಿದ ಮ್ಯಾಲ ನಿನಗ ಉಣ್ಣಾಕ ಬರಂಗಿಲ್ಲ. ನಾಳಿಗೆ ಇಟ್ಟರ ತಂಗಳ, ಅದನ್ನೂ ತಿನ್ನಾಕ ಬರಂಗಿಲ್ಲ. ಚೆಲ್ಲಿದರ ಇರಿವಿ ಮುತ್ತಿ ಯಾರರ ತುಳದು ಸಾಯ್ತಾವ. ಅದಕ ನಿಂದೂ ನಾವ ಉಂಡ್ವಿ."

"ಎಷ್ಟ ಇದ್ವು?"

"ಆರ," ಎಂದ ಮಹಾವೀರ. "ಮೆಂತೇ ಪಲ್ಲೆ ಭಾರೀ ಆಗಿತ್ರಿ ದಾಜೀ. ರೊಟ್ಟಿ ಇನ್ನಾ ಬಿಸಿ ಇದ್ವು!"

ಚೌಗುಲೆಯವರು ಏನನ್ನೋ ಹೇಳಲು ಬಾಯಿ ತೆರೆದರು. ಹೊತ್ತು ಮುಳುಗಿದ ಮೇಲೆ ಬಾಯಿ ತೆರೆದು ಪ್ರಯೋಜನವೇನೆಂದು ಮುಚ್ಚಿದರು. "ನಡೀರಿ, ಮನಿಗಿ ಹೋಗೂಣು."

"ಹ್ಯಾಂಗ ಹೋಗ್ತಿ? ದೀಪಾ ಹಚ್ಚಬೇಕಾಕ್ಕೈತಿ," ಎಂದಳು ಬಾಳಕ್ಕ.

ಆಗ ಇಚಲಕರಂಜಿಯ ಬಸ್ಸು ಬಂದು ನಿಂತಿತು, ಎರಡೂ ದೀಪ ಢಾಳಾಗಿ ಹೊತ್ತಿಸಿಕೊಂಡು. ಬಾಳಕ್ಕ ಅದನ್ನು ಹತ್ತಿದಳು.

"ಅವ್ವಾ, ಇದಕ್ಕೂ ದೀಪಾ ಅದಾವಲ್ಲ!"

"ಇದು ನಾವ ಇಲ್ಲಂದ್ರೂ ಹೊಕ್ಕೈತಿ. ಇದರ ಪಾಪ ನಮಗ ಹತ್ತೂದಿಲ್ಲ."

ಶಾಲನ ಹತ್ತಿದಳು. ಹೆಣ್ಣುಮಕ್ಕಳ ಸಂಗಾಟ ಗಂಡಸು ಒಬ್ಬನಾದರೂ ಬೇಕೆಂದು ಮಹಾವೀರನೂ ಹತ್ತಿದ. ಗಾಡಿಯ ಕೀಲಿಯನ್ನು ಅವನು ಜೋಪಾನವಾಗಿ ತನ್ನ ಕಿಸೆಯಲ್ಲಿಯೇ ಇಟ್ಟುಕೊಂಡ. ಕಾರನ್ನು ಹಾಗೆಯೇ ಬಿಟ್ಟು ಹೋಗುವಂತಿರಲಿಲ್ಲ, ಗಾದಿ ಹೊಸವು; ರಾತ್ರಿ ಕಾವಲಿಗೆ ಒಬ್ಬರು ಉಳಿಯಲೇಬೇಕಿತ್ತು. ಚೌಗುಲೆಯವರು ಮೂವರ ಚೀಟಿಯ ದುಡ್ಡನ್ನು ಕಂಡಕ್ಟರನ ಕೈಯಲ್ಲಿಟ್ಟು, ಖಾಲಿ ಡಬ್ಬಿ ಹಿಡಿದುಕೊಂಡು ಕೆಳಗೆ ನಿಂತರು.

ಬಸ್ಸು ಅಲುಗಿತು. ಶಾಲನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಗಂಡನ ಮುಖ ನೋಡಿ ಅವಳಿಗೆ ಮತ್ತೆ ನಿಜವಾಗಿಯೂ ಕನಿಕರ ಬಂತು.

"ಮನಸಿಗೆ ಹಚ್ಚಕೋಬ್ಯಾಡ್ರಿ," ಎಂದು ಕೂಗಿದಳು. "ನಾಳೆ ಮುಂಜಾನೆ ಇಲ್ಲಿಂದ ನಿಮಗ ಅಂಗಡಿ ಭಾಳ ಹತ್ತರ ಆಕ್ಕೈತಿ!"