ಒಂಬತ್ತು ಗಂಟೆಯ ಹಾಲು

ನಮ್ಮ ಮನೆಯಲ್ಲಿ ಏನು ನಡೆದರೂ ಇಡೀ ಬಿಲ್ಡಿಂಗೇ ಸಾಕ್ಷಿ. ಮುಂಬಯಿಯ ಆಂಟಾಪ್ ಹಿಲ್‌ನ ಹಳೇ ಕಾಲೊನಿಯ ಗೋಡೆಗಳೇ ಹಾಗೆ. ನಾವು ಒಗ್ಗರಣೆ ಹಾಕಿದರೆ ಪಕ್ಕದವರು ಸೀನುತ್ತಾರೆ. ಇಂಥ ಕಡೆ ಮಗುವಿಗೆ ಎದೆಹಾಲು ಬಿಡಿಸಲು ಹೊರಟರೆ ದಿನಕ್ಕೊಂದು ಪ್ರಸಂಗ ಆಗದೆ ಇದ್ದೀತೇ?

ಪೂರ್ತಿ ಬಿಡಿಸುವುದೇನೂ ಅಲ್ಲ, ಒಂಬತ್ತು ಗಂಟೆಯದು ಮಾತ್ರ. ನಾನು ಕುರ್ಲಾದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ರಜೆ ಮುಗಿಯುತ್ತ ಬಂದಿತ್ತು, ಮತ್ತೆ ಸೇರುವಾಗ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ಡ್ಯೂಟಿ ಬಿತ್ತು. ಮಗಳಿಗೆ ಹದಿನಾಲ್ಕು ತಿಂಗಳು. ಗಂಜಿ, ಅನ್ನ, ಇಡ್ಲಿ ಎಲ್ಲ ತಿನ್ನುತ್ತಾಳೆ; ಹಗಲು ನಾನಿಲ್ಲದಿದ್ದರೂ ನಡೆಯುತ್ತದೆ. ಆದರೆ ಒಂಬತ್ತಕ್ಕೆ ಹಾಲು ಕುಡಿಯದೆ ಕಣ್ಣು ಮುಚ್ಚುವವಳಲ್ಲ. ಇಪ್ಪತ್ತು ದಿನದೊಳಗೆ ಆ ಅಭ್ಯಾಸ ತಪ್ಪಿಸದಿದ್ದರೆ ನಾನು ಕೆಲಸವನ್ನೇ ಬಿಡಬೇಕಿತ್ತು. ನನಗೋ ಆ ಕೆಲಸವೆಂದರೆ ಪ್ರಾಣ. ಬಾಣಂತಿಯರಿಗೆ ಹಾಲೂಡಿಸುವುದನ್ನು ಎಂಟು ವರ್ಷ ಕಲಿಸಿದವಳು ನಾನು. ನಿಲ್ಲಿಸುವುದು ಹೇಗೆಂದು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಕಲಿತಿರಲಿಲ್ಲ.

ಮನೆಯಲ್ಲಿ ನಮ್ಮ ಜೊತೆ ಅತ್ತೆ ಇದ್ದಾರೆ, ಉಡುಪಿ ಕಡೆಯವರು. ಇವರು, ಅಂದರೆ ನನ್ನ ಗಂಡ, ಹೋಟೆಲಿನಲ್ಲಿ ದೋಸೆ ಹೊಯ್ಯುವವರು. ಬೆಳಗ್ಗೆ ನಾಲ್ಕಕ್ಕೆ ಹೋದರೆ ಸಂಜೆ ಐದಕ್ಕೆ ಮನೆ. ಒಂಬತ್ತರ ಹೊತ್ತಿಗೆ ಮಗುವಿಗಿಂತ ಮೊದಲು ಇವರಿಗೇ ನಿದ್ದೆ ಎಳೆಯುತ್ತಿರುತ್ತದೆ.

೧. ಬೇವು

"ಎಂತ ಮಾರಾಯ್ತಿ, ಇದಕ್ಕೆಲ್ಲ ಮೊಬೈಲ್ ನೋಡ್ಲಿಕ್ಕುಂಟಾ? ಬೇವು ಅರೆದು ಹಚ್ಚು. ನಿನ್ನ ಗಂಡ ಒಂದೇ ದಿನದಲ್ಲಿ ಬಿಟ್ಟಿದ್ದಾನೆ" ಎಂದರು ಅತ್ತೆ.

ಹಚ್ಚಿದೆ. ಒಂಬತ್ತಕ್ಕೆ ಸರಿಯಾಗಿ ಮಗಳು ತೊಡೆ ಏರಿ ಬಾಯಿ ಹಾಕಿದಳು. ತಕ್ಷಣ ಹಿಂದೆ ಸರಿದಳು. ಮುಖ ಕಿವುಚಿ, ನಾಲಗೆ ಹೊರಗೆ ಹಾಕಿ, ನಂಬಿದವಳೇ ಕೈಕೊಟ್ಟಳಲ್ಲ ಎನ್ನುವಂತೆ ನನ್ನನ್ನು ನೋಡಿದಳು. ಪಾಪ ಅನಿಸಿತು. ಆದರೂ ಗೆದ್ದೆ ಅಂದುಕೊಂಡೆ.

ಮಗಳು ಒಂದು ನಿಮಿಷ ಯೋಚಿಸಿದಳು. ಆಮೇಲೆ ನೈಟಿಯ ಮೇಲೆ ನಾನು ಹೊದ್ದಿದ್ದ ದುಪಟ್ಟಾದ ತುದಿ ಹಿಡಿದು ಬೇವನ್ನು ಚೆನ್ನಾಗಿ ಉಜ್ಜಿ ತೆಗೆದಳು. ಸಾಲದ್ದಕ್ಕೆ ಇನ್ನೊಂದು ಬದಿಯನ್ನೂ ಮುಂಚಿತವಾಗಿ ಒರೆಸಿಟ್ಟು, ನೆಮ್ಮದಿಯಿಂದ ಕುಡಿಯಲು ಶುರುಮಾಡಿದಳು.

ಉಪಾಯ ಕೆಟ್ಟಿತೆಂದು ಅತ್ತೆಗೆ ಬೇಜಾರಾಗಬೇಕಿತ್ತು. ಅವರಿಗೋ ಹೆಮ್ಮೆ ಹಿಡಿಸಲಾರದಷ್ಟು. "ಹೋಟೆಲಿನವರ ಮಗು ಅಲ್ವಾ! ಟೇಬಲ್ ಒರೆಸದೆ ಕೂತುಕೊಳ್ತದಾ?"

೨. ಕೆಳಗಿನ ಮನೆಯಲ್ಲಿ

ಬೇವು ಸೋತ ಮೇಲೆ ಹೊಸ ಯೋಜನೆ. ಆ ಹೊತ್ತಿಗೆ ನಾನು ಮನೆಯಲ್ಲೇ ಇರಬಾರದು, ಮಗುವನ್ನು ಇವರು ಹೆಗಲ ಮೇಲೆ ಹಾಕಿ ಮಲಗಿಸಬೇಕು. ಆಸ್ಪತ್ರೆಗೆ ಸೇರುವ ಮೊದಲು ಇದೊಂದು ಅಭ್ಯಾಸ. ಎರಡು ಮಹಡಿ ಕೆಳಗೆ ವಿಜಯಪುರ ಕಡೆಯ ಒಬ್ಬ ಅಕ್ಕ ಇದ್ದಾರೆ. ದಿನಾ ಎಂಟೂವರೆಗೆ ನಾನು ಅವರ ಮನೆಗೆ ಹೋಗಿ ಕೂರುವುದೆಂದು ತೀರ್ಮಾನವಾಯಿತು.

ಮೊದಲ ದಿನ ಅಕ್ಕ ಟೀವಿ ಹಾಕಿಕೊಂಡು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ನನ್ನ ಕಿವಿಯೆಲ್ಲ ಮೇಲಿನ ಮನೆಯಲ್ಲೇ. ಒಂಬತ್ತು ಹೊಡೆಯಿತೋ ಇಲ್ಲವೋ, ಮಗುವೊಂದು ಕಿಟಾರನೆ ಅತ್ತಿತು. ನನ್ನ ಎದೆ ತುಂಬಿ ಬಂದು ಬಟ್ಟೆ ಒದ್ದೆಯಾಯಿತು. ಚಪ್ಪಲಿ, ಫೋನು ಎಲ್ಲ ಅಲ್ಲೇ ಬಿಟ್ಟು ಮೆಟ್ಟಿಲು ಹಾರಿಕೊಂಡು ಓಡಿದೆ.

ಬಾಗಿಲು ತೆಗೆದರೆ ಮಗಳು ಅಪ್ಪನ ಹೆಗಲ ಮೇಲೆ ಆರಾಮವಾಗಿ ಕಿವಿ ಎಳೆಯುತ್ತ ಆಡುತ್ತಿದ್ದಾಳೆ! ಅಳುವೇ ಇಲ್ಲ. ನನ್ನನ್ನು ಕಂಡಳು ನೋಡಿ, ಆಗ ಶುರುವಾಯಿತು. ಹಾಲು ಕೊಡದೆ ಬೇರೆ ದಾರಿ ಇರಲಿಲ್ಲ.

ಆಮೇಲೆ ಚಪ್ಪಲಿ ತರಲು ಹೋದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದರು. "ಯಾಕ ಹಂಗ ಓಡಿದಿ ತಂಗಿ? ಆ ಕೂಸು ಸೀರಿಯಲ್‌ದಾಗ ಅಳಾಕತ್ತಿತ್ತು. ಅದರ ಅವ್ವ ಸತ್ತು ಹದಿನೈದು ಎಪಿಸೋಡ್ ಆತು. ನೀ ಹೋಗಿ ಏನ್ ಮಾಡಾಕಿ ಇದ್ದಿ?"

೩. ಹೂವಿನ ನೈಟಿ

ಮಗುವಿಗೆ ತಾಯಿಯ ವಾಸನೆ ಸಿಕ್ಕರೆ ಸುಮ್ಮನಾಗುತ್ತದೆ ಎಂದು ನಮ್ಮ ಆಸ್ಪತ್ರೆಯ ಹಿರಿಯ ಸಿಸ್ಟರ್ ಫೋನಿನಲ್ಲಿ ಹೇಳಿದರು. "ನನ್ನ ನೈಟಿ ಒಂದನ್ನು ಹೆಗಲ ಮೇಲೆ ಹಾಕಿಕೊಳ್ಳಿ" ಎಂದು ಇವರಿಗೆ ಹೇಳಿ ನಾನು ಕೆಳಗೆ ಹೋದೆ. ಇವರು ಯಾವ ಕೆಲಸವನ್ನೂ ಅರ್ಧ ಮಾಡುವವರಲ್ಲ. ತೋಳು ಪರ್ರೆಂದು ಹರಿದರೂ ಬಿಡದೆ ಮೈಗೇ ಹಾಕಿಕೊಂಡರು. ನೇರಳೆ ಬಣ್ಣ, ಮೇಲೆ ಅಂಗೈಯಗಲದ ಹಳದಿ ಹೂವು.

ಮಗಳು ಸುಮ್ಮನಾದದ್ದು ನಿಜ. ಇನ್ನೇನು ಕಣ್ಣು ಮುಚ್ಚಬೇಕು, ಬೆಲ್ ಹೊಡೆಯಿತು. ನಾಳೆ ಟ್ಯಾಂಕ್ ತೊಳೆಯುವುದುಂಟು, ನೀರು ಹಿಡಿದಿಟ್ಟುಕೊಳ್ಳಿ ಎಂದು ಹೇಳಲು ಸೊಸೈಟಿಯ ಸೆಕ್ರೆಟರಿ ಬಂದಿದ್ದರು. ಇನ್ನೊಮ್ಮೆ ಬೆಲ್ ಹೊಡೆದರೆ ಮಗು ಏಳುತ್ತದೆಂದು ಇವರು ಹಾಗೆಯೇ ಹೋಗಿ ಬಾಗಿಲು ತೆಗೆದರು. ಮಾತಾಡುವಂತಿಲ್ಲ. ದಪ್ಪ ಮೀಸೆಯ ಮೇಲೆ ಬೆರಳಿಟ್ಟು 'ಶ್' ಎಂದು, ಹೋಗಿ ಎಂದು ಕೈಸನ್ನೆ ಮಾಡಿದರು. ಸೆಕ್ರೆಟರಿ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಲೇ ಮೆಟ್ಟಿಲು ಇಳಿದರು. ಎರಡು ಮಹಡಿ ಕೆಳಗೆ ಅಕ್ಕನ ಮನೆಯ ಬೆಲ್ ಹೊಡೆದರೆ ಅಲ್ಲಿ ನಾನು ಸಪ್ಪೆ ಮುಖ ಹಾಕಿಕೊಂಡು ಕೂತಿದ್ದೇನೆ.

ಮರುದಿನ ಬೆಳಗ್ಗೆ ಸೆಕ್ರೆಟರಿ, ಜೊತೆಗೆ ಕಮಿಟಿಯ ಇಬ್ಬರು ಹೆಂಗಸರು ನಮ್ಮ ಮನೆಗೆ ಹಾಜರು. "ಭಾಭೀ, ಡರೋ ಮತ್", ಹೆದರಬೇಡಿ ಅತ್ತಿಗೆ, ಎಂದು ಸೆಕ್ರೆಟರಿ ಶುರುಮಾಡಿದರು. ಗಂಡ ಮನೆಯಿಂದ ಹೊರಗೆ ಹಾಕಿದ್ದರೆ ಹೇಳಿಬಿಡಿ, ಇಡೀ ಕಮಿಟಿ ನಿಮ್ಮ ಹಿಂದಿದೆ ಎಂದು ಧೈರ್ಯ ತುಂಬಿದರು. ಎಲ್ಲಿಂದ ಹೇಳಲು ಶುರುಮಾಡಲಿ ಎಂದು ನಾನು ತಡವರಿಸುತ್ತಿದ್ದೆ. ಅತ್ತೆ ಅಡುಗೆಮನೆಯಿಂದ ಬಂದು ತಮ್ಮ ಹಿಂದಿಯಲ್ಲಿ ವಿಷಯ ಬಿಡಿಸಿ ಹೇಳಿದರು: ಯಾರೂ ಹೊರಗೆ ಹಾಕಿಲ್ಲ, ಇವಳೇ ಹೋಗುವುದು. ದಿನಾ ಎಂಟೂವರೆಗೆ ಹೋಗಿ ಹತ್ತಕ್ಕೆ ಬರುತ್ತಾಳೆ.

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು. ಅತ್ತೆಯ ನ್ಯಾಯ ಅಲ್ಲಿಗೆ ಮುಗಿಯಲಿಲ್ಲ. "ನೈಟಿಯ ತೋಳು ಹರಿದದ್ದು ಮಾತ್ರ ನನ್ನ ಮಗನದ್ದೇ ತಪ್ಪು."

೪. ಗರ್ರ್

ಕಮಿಟಿ ಬಂದು ಹೋದ ಮೇಲೆ ಇವರು ನೈಟಿ ಮುಟ್ಟಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಯಾರ ಬುದ್ಧಿಯಿಂದಲೂ ಅಲ್ಲ. ಒಂದು ಸಂಜೆ ಅತ್ತೆಗೆ ಇಡ್ಲಿಗೆ ರುಬ್ಬುವುದು ತಡವಾಯಿತು. ಒಂಬತ್ತಕ್ಕೆ ಗ್ರೈಂಡರ್ ಹಾಕಿದರು. ಅದು ಗರ್ರ್ ಎಂದು ತಿರುಗುತ್ತಿದ್ದಂತೆ ಅಪ್ಪನ ಹೆಗಲ ಮೇಲಿದ್ದ ಮಗಳ ತಲೆ ವಾಲಿತು. ಐದು ನಿಮಿಷದಲ್ಲಿ ನಿದ್ದೆ. ಬೇವೂ ಬೇಡ, ನೈಟಿಯೂ ಬೇಡ. ಹತ್ತಕ್ಕೆ ಬಂದ ನಾನು ನಂಬದೆ ಮಗುವಿನ ಮೂಗಿನ ಹತ್ತಿರ ಕೈಯಿಟ್ಟು ನೋಡಿದೆ.

ಅಂದಿನಿಂದ ದಿನಾ ಅಕ್ಕಿ ನೆನೆಹಾಕುವುದು, ಒಂಬತ್ತಕ್ಕೆ ಸರಿಯಾಗಿ ಗ್ರೈಂಡರ್. ಅಷ್ಟು ಹಿಟ್ಟು ಮಾಡುವುದೇನು? ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲ ಮನೆಗೂ ಹಂಚಿದೆವು. ಬೆಳಗ್ಗೆ ಜೋಳದ ರೊಟ್ಟಿ ಬಿಟ್ಟರೆ ಬೇರೆ ಗೊತ್ತಿಲ್ಲದ ಅಕ್ಕನ ಮನೆಯಲ್ಲೂ ದಿನಾ ಇಡ್ಲಿ. ಕಮಿಟಿಯ ಹೆಂಗಸರೂ ಪಾತ್ರೆ ಹಿಡಿದು ಬಂದರು. ಹನ್ನೊಂದು ದಿನ ಹೀಗೆ ಸುಖವಾಗಿ ನಡೆಯಿತು.

ಡ್ಯೂಟಿಯ ಮೊದಲ ದಿನ ಬಂತು. ಒಂಬತ್ತರ ಹೊತ್ತಿಗೆ ನಾನು ವಾರ್ಡಿನಲ್ಲಿ ಹೊಸ ಬಾಣಂತಿಯೊಬ್ಬಳಿಗೆ ಮಗುವನ್ನು ಎದೆಗೆ ಹಿಡಿಯುವುದು ತೋರಿಸುತ್ತಿದ್ದೆ. ಕೈ ಇಲ್ಲಿ, ಜೀವವೆಲ್ಲ ಮನೆಯಲ್ಲಿ. ಒಂಬತ್ತೂ ಕಾಲಿಗೆ ತಡೆಯಲಾರದೆ ಹೊರಗೆ ಬಂದು ಫೋನ್ ಹಚ್ಚಿದೆ.

ಅತ್ತೆ ಪಿಸುಗುಟ್ಟಿದರು. "ಗ್ರೈಂಡರ್ ಹೋಯ್ತು ಮಾರಾಯ್ತಿ. ಹಾಕಿದ ಕೂಡ್ಲೇ ಮೋಟರಿನಿಂದ ಹೊಗೆ ಬಂತು."

ಮುಗಿಯಿತು, ನಾಳೆ ರಾಜೀನಾಮೆ ಎಂದುಕೊಂಡೆ. ಆದರೆ ಫೋನಿನಲ್ಲಿ ಹಿಂದಿನಿಂದ ಗರ್ರ್ ಗರ್ರ್ ಎಂದು ಸದ್ದು ಚೆನ್ನಾಗಿ ಕೇಳುತ್ತಿದೆ! "ಓಡುತ್ತಾ ಉಂಟಲ್ಲ ಅತ್ತೆ?"

"ಅದು ಗ್ರೈಂಡರ್ ಅಲ್ಲ. ನಿನ್ನ ಗಂಡ."

ಮಗು ರಾಗ ತೆಗೆದಾಗ ಬೇರೇನೂ ತೋಚದೆ ಇವರು ಬಾಯಿಯಲ್ಲೇ ಗ್ರೈಂಡರ್ ಶುರುಮಾಡಿದರಂತೆ. ಹಿಟ್ಟಿಗೆಂದು ಪಾತ್ರೆ ಹಿಡಿದು ಬಂದ ಕೆಳಗಿನ ಮನೆಯ ಅಕ್ಕನೂ ದನಿಗೂಡಿಸಿದರಂತೆ.

"ಮಗು?" ಎಂದೆ.

"ಮಲಗಿತು. ನಿನ್ನ ಹೆಸರೇ ಎತ್ತಲಿಲ್ಲ."

ಕೈತೊಳೆಯುವ ಬೇಸಿನ್ ಹತ್ತಿರ ನಿಂತು ಗಳಗಳನೆ ಅತ್ತುಬಿಟ್ಟೆ. ಕೆಲಸ ಉಳಿಯಿತೆಂದು ಅರ್ಧ, ನನ್ನ ಹೆಸರೇ ಎತ್ತಲಿಲ್ಲವೆಂದು ಇನ್ನರ್ಧ. ಅಂಥ ಸಂತೋಷದ ಅಳುವನ್ನು ಹೆರಿಗೆಯ ದಿನವೂ ಅತ್ತಿರಲಿಲ್ಲ.

ಕಣ್ಣೊರೆಸಿಕೊಂಡು, "ಮಲಗಿತಲ್ಲ, ಇನ್ನು ಸಾಕು, ನಿಲ್ಲಿಸಲಿಕ್ಕೆ ಹೇಳಿ. ಪಾಪ, ಗಂಟಲು ಹೋಗುತ್ತದೆ" ಎಂದೆ.

"ಬಾಯಿಯಿಂದ ಮಾಡಿದ್ದು ಐದೇ ನಿಮಿಷ" ಎಂದರು ಅತ್ತೆ. "ಆಮೇಲೆ ಅವನೂ ಮಲಗಿದ. ಈಗ ಕೇಳುದು ಗೊರಕೆ. ಮಗುವಿಗೆ ಎರಡೂ ಒಂದೇ. ನಾವು ಸುಮ್ಮನೆ ಹನ್ನೊಂದು ದಿನ ಅಕ್ಕಿ ರುಬ್ಬಿದ್ದು."

ಅಷ್ಟರಲ್ಲಿ ಹಿಂದಿನಿಂದ ಕೆಳಗಿನ ಮನೆಯ ಅಕ್ಕನ ದುಃಖದ ದನಿ ಕೇಳಿತು: "ಹಂಗಾರ ನಾಳಿಂದ ಇಡ್ಲಿ ಹಿಟ್ಟು ಇಲ್ಲೇನ್ರಿ?"