ಎರಡು ಹಲ್ಲಿನ ನಡುವೆ ಒಂದು ಕಾಗದ

ಇಂಥ ಪ್ರಸಂಗಗಳು ನನ್ನ ಅಂಗಡಿಯಲ್ಲಿ ತಿಂಗಳಿಗೆ ಒಂದಾದರೂ ನಡೆಯುತ್ತವೆ. ನಾನು ಕರೆಯುವುದಿಲ್ಲ, ಅವೇ ಬಸ್ಸು ಹತ್ತಿ ಬರುತ್ತವೆ.

ಅಂಗಡಿ ವಾಡಿಯಲ್ಲಿ, ಸ್ಟೇಷನ್ ರೋಡಿಗೆ. ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ. ಹತ್ತು ವರ್ಷದಿಂದ ರಿಮೋಟ್ ಕಾರುಗಳೂ ಬರುತ್ತಿವೆ. ತರುವವರು ಬಹುತೇಕ ದೊಡ್ಡವರೇ. ಆಟಿಕೆ ಅಂದರೆ ಅವರಿಗೆ ಸಿಟ್ಟು ಬರುತ್ತದೆ, ಹಾಗಾಗಿ ನಾನು ಗಾಡಿ ಅನ್ನುತ್ತೇನೆ.

ಈ ಗಾಡಿಗಳ ಕಾಯಿಲೆ ಹೆಚ್ಚಾಗಿ ಒಂದೇ. ಮೋಟರಿನ ತುದಿಗೆ ಒಂದು ಸಣ್ಣ ಗೇರು ಇರುತ್ತದೆ, ಅದಕ್ಕೆ ಪಿನಿಯನ್ ಅನ್ನುತ್ತಾರೆ. ಅದು ಪಕ್ಕದ ದೊಡ್ಡ ಪ್ಲಾಸ್ಟಿಕ್ ಗೇರನ್ನು ತಿರುಗಿಸುತ್ತದೆ. ಎರಡರ ಹಲ್ಲು ತೀರಾ ಒತ್ತಿ ಕೂಡಿದರೆ ಗಾಡಿ ಕಿರುಚುತ್ತದೆ, ಮೋಟರು ಸುಡುತ್ತದೆ. ತೀರಾ ಸಡಿಲಾದರೆ ಪ್ಲಾಸ್ಟಿಕ್ಕಿನ ಹಲ್ಲು ಉದುರುತ್ತವೆ. ಉಪಾಯ ಸರಳ. ನೋಟ್‌ಬುಕ್ಕಿನ ಕಾಗದದ ಒಂದು ಪಟ್ಟಿಯನ್ನು ಎರಡು ಗೇರುಗಳ ನಡುವೆ ಇಡಬೇಕು, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಯಬೇಕು, ಕಾಗದ ತೆಗೆಯಬೇಕು. ಉಳಿದ ಸಂದು ಎಷ್ಟೋ ಅಷ್ಟೇ ಬೇಕಾದದ್ದು. ಐದು ನಿಮಿಷದ ಕೆಲಸ. ಈ ಐದು ನಿಮಿಷದಲ್ಲಿ ಮನುಷ್ಯ ಏನೇನು ಮಾಡಬಲ್ಲ ಎಂಬುದಕ್ಕೆ ಕೆಳಗಿನವು ಸಾಕ್ಷಿ.

೧. ಅಪೂರ್ಣ ಸೂಚನೆ

ಸೇಡಮ್ಮಿನ ಒಬ್ಬ ಹೆಡ್‌ಮಾಸ್ತರರು ನಿವೃತ್ತಿಯಾದ ವಾರದಲ್ಲೇ ಒಂದು ಗಾಡಿ ತರಿಸಿದರು. ಮನೆಯಲ್ಲಿ ಮೊಮ್ಮಕ್ಕಳಿಗೆ ಅಂತ ಹೇಳಿದ್ದರು. ಮೊಮ್ಮಕ್ಕಳು ಇದ್ದದ್ದು ಸೊಲ್ಲಾಪುರದಲ್ಲಿ.

ಗಾಡಿ ಕಿರುಚುತ್ತದೆ ಎಂದು ಫೋನ್ ಮಾಡಿದರು. "ಎರಡು ಗೇರಿನ ನಡುವೆ ಒಂದು ಕಾಗದ ಇಟ್ಟು ಬಿಗಿ ಮಾಡ್ರಿ ಸರ್," ಅಂದೆ. "ಬರಕೊಂಡೆ," ಅಂದರು.

ಮರುದಿನ ಮತ್ತೆ ಫೋನು. "ಕಿರಚೋದು ನಿಂತದ. ಆದ್ರ ಈಗ ಕರ್ ಕರ್ ಅಂತದ, ಮುಂದ ಹೋಗವಲ್ದು."

"ಯಾವ ಕಾಗದ ಇಟ್ಟೀರಿ ಸರ್?"

"ಲಗ್ನಪತ್ರಿಕಾ. ಮನ್ಯಾಗ ಇದ್ದ ಕಾಗದದಾಗ ಅದೇ ಭಾರಿ ಇತ್ತು. ಬಿಗಿ ಮಾಡಿದ ಮ್ಯಾಲ ತಾನೇ ಜಾರಿ ಹೊರಗ ಬಿತ್ತು."

ಲಗ್ನಪತ್ರಿಕೆ ರೊಟ್ಟಿಯಷ್ಟು ದಪ್ಪ, ಮೇಲೆ ಬಂಗಾರದ ಗಣಪತಿ ಬೇರೆ. ಸಂದು ಹೆಚ್ಚಾಗಿ ನಾಲ್ಕು ಹಲ್ಲು ಹೋಗಿದ್ದವು. ಹೊಸ ಗೇರು ಕಳಿಸಿದೆ. ಈ ಸಲ ಕಾಪಿ ಪುಸ್ತಕದ ಹಾಳೆ ಮಾತ್ರ ಇಡಬೇಕೆಂದು ಮೂರು ಸಲ ಹೇಳಿದೆ. ಅವರು ಮೂರು ಸಲವೂ ಬರೆದುಕೊಂಡರು.

ಮೂರನೆಯ ಫೋನಿನಲ್ಲಿ ದನಿ ಗಂಭೀರವಾಗಿತ್ತು. "ಗಾಡಿ ಅಲುಗಾಡಲಿಕ್ಕೇ ತಯಾರಿಲ್ಲ."

"ಕಾಗದ ತೆಗದೀರಿ ಹೌದಲ್ರಿ ಸರ್?"

ಹಾಳೆ ತಿರುವುವ ಸಪ್ಪಳ ಕೇಳಿಸಿತು. "ಇಡಬೇಕು ಅಂತ ಬರದೀನಿ. ಬಿಗಿ ಮಾಡಬೇಕು ಅಂತ ಬರದೀನಿ. ತೆಗೀಬೇಕು ಅಂತ ನೀವು ಹೇಳೇ ಇಲ್ಲ."

"ತಪ್ಪಾಯ್ತು ಸರ್."

"ಇರ್ಲಿ. ವಿಷಯ ಗೊತ್ತದ, ಉತ್ತರ ಅಪೂರ್ಣ ಅದ. ಐದಕ್ಕ ಎರಡೂವರಿ ಕೊಡ್ತೀನಿ."

೨. ಅಸಲಿ ಮಾಲು

ವಾಡಿಯಲ್ಲೇ ಒಬ್ಬ ಚಾಚಾ ಇದ್ದಾರೆ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಸುಣ್ಣದಕಲ್ಲು ಸುಡುವ ದೊಡ್ಡ ಭಟ್ಟಿಯನ್ನು ತಿರುಗಿಸುವ ಗೇರು ಎರಡು ಮಾಳಿಗೆ ಎತ್ತರ ಇರುತ್ತದೆ. ಅದರ ಹಲ್ಲಿನ ಸಂದು ನೋಡುವುದು ಇವರ ಕೆಲಸವಾಗಿತ್ತು. ಅಳಿಯ ದುಬೈಯಿಂದ ಒಂದು ಗಾಡಿ ತಂದುಕೊಟ್ಟಿದ್ದ.

ಅಂಗಡಿಗೆ ಬಂದವರು ನಾನು ಕಾಗದದ ಪಟ್ಟಿ ಕತ್ತರಿಸುವುದನ್ನು ನೋಡಿ ನಕ್ಕರು. "ಅರೆ ಬೇಟಾ, ಕಾಗದದಿಂದ ಗೇರ್ ಕೂಡಸ್ತಾರೇನು? ಸರಿ ಅತ್ಲಾಗ."

ಸಂದು ಅಳೆಯುವ ಉಕ್ಕಿನ ಪಟ್ಟಿಗಳ ಕಟ್ಟು ಜೇಬಿನಿಂದ ತೆಗೆದರು. ಕನ್ನಡಕ ಏರಿಸಿದರು. ದೊಡ್ಡ ಗೇರನ್ನು ಒಂದು ಸುತ್ತು ತಿರುಗಿಸಿ, ಎಲ್ಲಿ ಬಿಗಿ ಬರುತ್ತದೋ ಅಲ್ಲಿ ಗುರುತು ಮಾಡಿ, ಆ ಜಾಗದಲ್ಲೇ ಸಂದು ಹಿಡಿದು ಸ್ಕ್ರೂ ಬಿಗಿದರು. ಬೆರಳಿನಿಂದ ಅಲ್ಲಾಡಿಸಿದರೆ ಟಿಕ್ ಅನ್ನುವಷ್ಟೇ ಆಟ. ಅಷ್ಟು ಚಂದ ಕೂಡಿದ ಗೇರು ನಾನು ನೋಡಿರಲಿಲ್ಲ. ಮುಟ್ಟಬೇಡಿರೆಂದು ಕೈ ಮುಗಿಯುವಷ್ಟರಲ್ಲಿ ಇನ್ನೊಂದು ಜೇಬಿನಿಂದ ಡಬ್ಬಿ ತೆಗೆದು, ಭಟ್ಟಿಗೆ ಹಚ್ಚುವ ಡಾಂಬರಿನಂಥ ಗ್ರೀಸನ್ನು ಗಾಡಿಯ ಹೊಟ್ಟೆಯ ತುಂಬ ತುಂಬಿದರು.

"ಚಾಚಾ, ಧೂಳು ಹಿಡೀತದ್ರಿ."

"ಮೂವತ್ತು ವರ್ಷ ಹಚ್ಚೀನಿ. ಧೂಳಿಗಿ ಹೆದರ್ತೀ?"

ಅಂದು ಸಂಜೆ ಸಿಮೆಂಟ್ ಚೀಲ ಇಳಿಸುವ ಒಂದು ಗೋದಾಮಿನ ಹಿಂದೆ ಗಾಡಿ ಓಡಿಸಿದರು. ನೆಲದ ತುಂಬ ಚೆಲ್ಲಿದ ಸಿಮೆಂಟು. ಗಾಡಿ ಬೂದಿ ಬಣ್ಣದ ಉಂಡೆಯಾಗಿ ವಾಪಸ್ ಬಂತು. ಚಾಚಾ ಅಚ್ಚುಕಟ್ಟಿನ ಮನುಷ್ಯ. ಮನೆಗೆ ಹೋಗಿ ಒಂದು ಬಕೆಟ್ ನೀರು ಸುರಿದು ತೊಳೆದರು. ಮರುದಿನ ಪೂರ್ತಿ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿದರು.

ನನ್ನ ಹತ್ತಿರ ತಂದಾಗ ಗಾಲಿಗಳು ಎಲ್ಲಿವೆ ಎಂದು ಹುಡುಕಬೇಕಾಯಿತು. ಉಳಿಯಿಂದ ಬಡಿದೆ, ಉಳಿಯ ಮೊನೆ ಹೋಯಿತು. ಚಾಚಾ ಬೆರಳಿನ ಗೆಣ್ಣಿನಿಂದ ಗಾಡಿಯ ಬೆನ್ನು ಟಕ್ ಟಕ್ ಎಂದು ಕುಟ್ಟಿ ನೋಡಿದರು. ಮುಖದಲ್ಲಿ ದುಃಖದ ಜೊತೆಗೆ ಹೆಮ್ಮೆಯೂ ಇತ್ತು.

"ನಮ್ಮ ಫ್ಯಾಕ್ಟರಿ ಮಾಲು ಅಸಲಿ ಅದ ಬೇಟಾ. ನೋಡು, ಒಂದು ಬಿರುಕು ಇಲ್ಲ."

೩. ಆವಾಜ ಎಲ್ಲಿಂದ ಬಂತು

ಚಿತ್ತಾಪುರದ ಒಂದು ಕಚೇರಿಯ ಗುಮಾಸ್ತರು ಮಧ್ಯಾಹ್ನ ಫೋನ್ ಮಾಡಿ ಪಿಸುಮಾತಿನಲ್ಲಿ, "ಉಸ್ತಾದ್, ಗಾಡಿ ಆವಾಜ ಮಾಡಾಕತ್ತದ," ಅಂದರು.

"ಎಂಥಾ ಆವಾಜ? ಕೀಂ ಅಂದ್ರ ಬಿಗಿ. ಕರ್ ಅಂದ್ರ ಸಡ್ಲ."

"ಅದು... ಹ್ಯಾಂಗ ಹೇಳ್ಲಿ."

"ಬಾಯಿಲೆ ಮಾಡಿ ತೋರಸ್ರಿ."

ಅವರು, "ಕೀಂಂಂಂ," ಅಂದರು. ದೂರದಿಂದ ಒಂದು ಭಾರದ ದನಿ, "ಏನದು?" ಅಂತ ಕೇಳಿತು. ಫೋನ್ ಕಟ್ಟಾಯಿತು. ಅವರು ಇದ್ದದ್ದು ದೊಡ್ಡ ಸಾಹೇಬರ ಮೀಟಿಂಗಿನಲ್ಲಂತೆ.

ಸಂಜೆ ನಾನೇ ಫೋನ್ ಮಾಡಿದೆ. "ಸಾಹೇಬರು ಬೈದರೇನ್ರಿ?"

"ಮೀಟಿಂಗ್ ಮುಗದ ಮ್ಯಾಲ ಒಳಗ ಕರದ್ರು. ಬಾಗಿಲ ಹಾಕು ಅಂದ್ರು. ನಾ ಸತ್ತೆ ಅಂತ ತಿಳದೆ."

"ಆಮ್ಯಾಲ?"

"ಅವರದು ಕರ್ ಅಂತದಂತ."

೪. ಎತ್ತರದ ಹಲ್ಲು

ಶಹಾಬಾದಿನಲ್ಲಿ ನನ್ನ ಪರಿಚಯದ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ. ಊರಾಚೆ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಖಣಿಯ ನೆಲ ಟೇಬಲ್ಲಿನಷ್ಟು ಸಪಾಟಾಗಿದೆ. ಭಾನುವಾರ ನಾವು ಏಳೆಂಟು ಜನ ಅಲ್ಲಿ ಗಾಡಿ ಓಡಿಸುತ್ತೇವೆ, ಡಾಕ್ಟರೂ ಬರುತ್ತಾರೆ.

ಒಂದು ಭಾನುವಾರ ಅವರ ಗಾಡಿ ಸ್ವಲ್ಪ ಕಿರುಚಿತು. ನಾನು ಕಾಗದದ ವಿಷಯ ಹೇಳಿದೆ. ಡಾಕ್ಟರ ಕಣ್ಣು ಹೊಳೆಯಿತು. ಹಲ್ಲಿಗೆ ಸಿಮೆಂಟ್ ತುಂಬಿದ ಮೇಲೆ ಅವರು ಒಂದು ನೀಲಿ ಕಾಗದ ಕಚ್ಚಿಸುತ್ತಾರೆ. ಎಲ್ಲಿ ನೀಲಿ ಹತ್ತುತ್ತದೋ ಅಲ್ಲಿ ಹಲ್ಲು ಎತ್ತರ ಎಂದರ್ಥ. ಅಲ್ಲಿ ತಿಕ್ಕುತ್ತಾರೆ.

"ಉಸ್ತಾದ್, ಇದು ನಮ್ಮ ಲೈನೇ ಅದ. ನೀವು ಬಿಡ್ರಿ, ನಾ ನೋಡ್ತೀನಿ," ಅಂದು ಗಾಡಿ ಒಯ್ದರು.

ಮಂಗಳವಾರ ನಾನು ಅವರ ದವಾಖಾನೆಗೆ ಹೋದೆ. ಎಡಗಡೆಯ ದವಡೆ ಹಲ್ಲು ನೋಯುತ್ತಿತ್ತು. ಹೊರಗೆ ನಾಲ್ಕು ಪೇಷಂಟುಗಳು ಗಲ್ಲ ಹಿಡಿದು ಕುಳಿತಿದ್ದರು. ಒಳಗೆ ಡ್ರಿಲ್ಲಿನ ಸಪ್ಪಳ. ನನ್ನ ದನಿ ಕೇಳಿ ಡಾಕ್ಟರು ಒಳಗೆ ಕರೆದರು. ಕುರ್ಚಿಯ ಮೇಲೆ, ದೀಪದ ಕೆಳಗೆ ಗಾಡಿ ಮಲಗಿತ್ತು.

"ಒಂದು ಹಲ್ಲು ಎತ್ತರ ಇತ್ತು, ತಿಕ್ಕಿದೆ," ಅಂದರು. "ತಿಕ್ಕಿದ ಮ್ಯಾಲ ಬಾಜೂದ್ದು ಎತ್ತರ ಆತು. ಅದನ್ನೂ ತಿಕ್ಕಿದೆ. ಆಮ್ಯಾಲ ಅದರ ಬಾಜೂದ್ದು."

ಗೇರು ನೋಡಿದೆ. ಒಂದು ಹಲ್ಲೂ ಇರಲಿಲ್ಲ. ಕೇರಂ ಬೋರ್ಡಿನ ಕಾಯಿಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ನೀಲಿ ಮಾತ್ರ ಎಲ್ಲೂ ಹತ್ತುತ್ತಿರಲಿಲ್ಲ.

ಡಾಕ್ಟರು ಗಾಡಿ ತೆಗೆದು ನನ್ನನ್ನು ಅದೇ ಕುರ್ಚಿಯಲ್ಲಿ ಮಲಗಿಸಿದರು. ಹಲ್ಲು ಸ್ವಚ್ಛ ಮಾಡಿ, ತುಂಬಿ, ನೀಲಿ ಕಾಗದ ಇಟ್ಟು, "ಕಚ್ರಿ," ಅಂದರು. ಕಚ್ಚಿದೆ. ಹಲ್ಲಿನ ನಡುವೆ ಕಡಲೆಕಾಳು ಸಿಕ್ಕ ಹಾಗಿತ್ತು.

"ಎತ್ತರ ಅನಸ್ತದೇನ್ರಿ?" ಡ್ರಿಲ್ಲು ಅವರ ಕೈಯಲ್ಲಿ ಆಗಲೇ ತಿರುಗುತ್ತಿತ್ತು.

"ಇಲ್ಲ ಡಾಕ್ಟರೇ, ಭಾಳ ಛಂದ ಕೂಡ್ಯಾದ," ಅಂದು ಎದ್ದು ಬಂದೆ.

ಒಂದು ವರ್ಷವಾಯಿತು. ರೊಟ್ಟಿ ಬಲಗಡೆಯಿಂದಲೇ ತಿನ್ನುತ್ತಿದ್ದೇನೆ.

೫. ಕನ್ಯಾ ನೋಡಲಿಕ್ಕೆ ಬಂದವರು

ನನ್ನ ಅಣ್ಣನ ಮನೆ ಚಿತ್ತಾಪುರದಲ್ಲಿ. ಅವನ ಮಗಳು ಪಾಲಿಟೆಕ್ನಿಕ್ ಓದಿದವಳು. ಗೇರಿನ ಕೆಲಸ ನನ್ನ ಅಂಗಡಿಯಲ್ಲಿ ಕುಳಿತೇ ಕಲಿತಳು, ಈಗ ನನಗಿಂತ ಚೆನ್ನಾಗಿ ಮಾಡುತ್ತಾಳೆ. ಅವಳನ್ನು ನೋಡಲು ಚಿಂಚೋಳಿಯಿಂದ ಒಂದು ಜೀಪು ತುಂಬ ಜನ ಬಂದರು. ವರ ಶಾಲೆಯ ಮಾಸ್ತರ, ಮಾತು ಕಡಿಮೆ. ಅವನ ಬದಲಿಗೆ ಮಾತಾಡಲು ಸೋದರಮಾವ ಇದ್ದರು. ಮೂಲೆಯ ಕುರ್ಚಿಯಲ್ಲಿ ವರನ ಅಜ್ಜಿ. ಅವರಿಗೆ ಕಿವಿ ಮಂದ.

ಶಿರಾ, ಉಪ್ಪಿಟ್ಟು ಆಯಿತು. ಹುಡುಗಿ ಬಂದು ಕುಳಿತು, ಕೇಳಿದ್ದಕ್ಕೆ ಉತ್ತರ ಹೇಳಿ ಒಳಗೆ ಹೋದಳು. ಎಲ್ಲರ ಮುಖವೂ ಅರಳಿತ್ತು. ಅಷ್ಟರಲ್ಲಿ ನನ್ನ ಫೋನು. ನಾಲವಾರದ ಗಿರಾಕಿ. ಯಾರೋ ಮಾರಲಿಟ್ಟ ಹಳೆಯ ಗಾಡಿಯ ಮುಂದೆ ನಿಂತಿದ್ದಾನೆ, ತೆಗೆದುಕೊಳ್ಳಲೋ ಬೇಡವೋ ಈಗಲೇ ಹೇಳಬೇಕು. ಒಳಗೆ ಸಿಗ್ನಲ್ ಸಿಗಲಿಲ್ಲ. ಹೊರಗೆ ಕಟ್ಟೆಗೆ ಬಂದು ನಿಂತೆ. ಬೆನ್ನ ಹಿಂದೆ ಪಡಸಾಲೆಯ ಕಿಟಕಿ ಪೂರ್ತಿ ತೆರೆದಿತ್ತು. ಗಾಡಿ ಎಂಬ ಮಾತನ್ನು ನಾನು ಒಂದು ಸಲವೂ ಆಡಲಿಲ್ಲ ಎಂದು ಅಣ್ಣ ಆಮೇಲೆ ಹೇಳಿದ. ಒಳಗೆ ಕೇಳಿಸಿದ ನನ್ನ ಮಾತು ಇಷ್ಟು:

"ಬಣ್ಣ ನೋಡಿ ಮರುಳಾಗಬ್ಯಾಡೋ. ಮ್ಯಾಲಿಂದ ನೋಡಿದ್ರ ಎಲ್ಲಾ ಛಂದೇ ಕಾಣ್ತಾವ."

"ಅದು ನನಗ ಗೊತ್ತದ. ಮೂರು ಮಂದಿ ಪಸಂದ ಮಾಡಿ, ಆಮ್ಯಾಲ ವಾಪಸ್ ಕಳಿಸ್ಯಾರ."

"ಯಾಕಂದ್ರ, ಭಾಳ ಕಿರಚ್ತದ. ಓಣಿ ತುಂಬ ಕೇಳಸ್ತದ."

"ಜಲ್ದಿ ಬಿಸಿ ಆಗ್ತದ. ಬಿಸಿ ಆದಾಗ ಅರ್ಧ ತಾಸು ಹತ್ರ ಹೋಗಬ್ಯಾಡ."

"ಹಲ್ಲ? ಎರಡು ಉದುರ್ಯಾವ. ಕಾಣಬಾರದು ಅಂತ ಗ್ರೀಸ್ ಬಳದಾರ."

"ಹೋಗ್ಲಿ, ಅಗ್ಗ ಸಿಗ್ತದಂದ್ರ ತಗೋ. ನಾಲ್ಕು ದಿನ ನನ್ನ ಹತ್ರ ಬಿಡು, ಬಿಗಿ ಮಾಡಿ ಕಳಸ್ತೀನಿ."

ತಿರುಗಿ ನೋಡಿದರೆ ಸೋದರಮಾವ ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದರು. "ಸ್ವಂತ ಕಾಕಾನೇ ಹಿಂಗ ಅಂತಾನ ಅಂದ ಮ್ಯಾಲ ನಾವು ಇನ್ನೇನು ಕೇಳೋದದ? ನಡೀರಿ," ಅಂದರು. ಒಳಗೆ ಯಾರೋ ಅಜ್ಜಿಯ ಕಿವಿಯಲ್ಲಿ, "ಹುಡುಗೀನ ಮೂರು ಮಂದಿ ವಾಪಸ್ ಕಳಿಸ್ಯಾರಂತ!" ಎಂದು ಕೂಗಿದರು. ಅಣ್ಣ ನನ್ನನ್ನೇ ನೋಡುತ್ತಿದ್ದ. ಅಣ್ಣನ ಹೆಂಡತಿ, ನಮ್ಮ ವೈನಿ, ಚಹಾದ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದರು.

ನಾನು ವಿವರಿಸುವಷ್ಟರಲ್ಲಿ ಹುಡುಗಿ ಒಳಗಿನಿಂದ ಬಂದಳು. ನನ್ನ ಕೈಯಿಂದ ಫೋನ್ ತೆಗೆದುಕೊಂಡು ಸ್ಪೀಕರ್ ಹಾಕಿದಳು. ಗಿರಾಕಿ ಇನ್ನೂ ಲೈನಿನಲ್ಲೇ ಇದ್ದ. "ಉಸ್ತಾದ್, ಗಾಡಿ ಜೋಡಿ ರಿಮೋಟೂ ಬ್ಯಾಟರೀನೂ ಕೊಡ್ತೀನಿ ಅಂತಾನ್ರಿ. ತಗೊಳ್ಳೇನು?"

"ಅಣ್ಣಾ, ಮೋಟರ್ ಬಂದ್ ಮಾಡಿ ದೊಡ್ಡ ಗೇರು ಕೈಲೆ ಒಂದು ಪೂರಾ ಸುತ್ತು ತಿರುಗಸ್ರಿ," ಅಂದಳು. "ಒಂದೇ ಕಡೆ ನೋಡಿ ಫೈಸಲಾ ಮಾಡಬ್ಯಾಡ್ರಿ."

ಸೋದರಮಾವ ಒಂದು ಕಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದರು.

ಆಗ ಆ ದಿನದ ಮೊದಲ ಮಾತು ವರನ ಬಾಯಿಂದ ಬಂತು. "ಪಿನಿಯನ್ ಎಷ್ಟು ಹಲ್ಲಿಂದು?"

ಅವಳು ಅವನ ಕಡೆ ತಿರುಗಿದಳು. "ಹದಿನೇಳು ಇರಬೇಕು. ಯಾಕ್ರಿ?"

"ನಂದು ಇಪ್ಪತ್ತರದ್ದು. ಭಾಳ ಬಿಸಿ ಆಗ್ತದ."

"ಹದಿನೆಂಟು ಹಾಕಿ ನೋಡ್ರಿ."

ಸೋದರಮಾವ ಇನ್ನೊಂದು ಕಾಲನ್ನೂ ತೆಗೆದು ಒಳಗೆ ಬಂದು ಕುಳಿತರು. ವಿಷಯ ಗೊತ್ತಾಗಿ ಒಬ್ಬೊಬ್ಬರೇ ನಗಲು ಶುರು ಮಾಡಿದರು, ವೈನಿ ಚಹಾ ಕೊಟ್ಟರು. ಅಣ್ಣ ನನ್ನ ಜೊತೆ ಮಾತಾಡಿದ್ದು ಮಾತ್ರ ಎರಡು ವಾರದ ಮೇಲೆ. ಲಗ್ನ ಆಯಿತು, ಇಬ್ಬರೂ ಸುಖವಾಗಿದ್ದಾರೆ.

ಆದರೆ ಆ ಗದ್ದಲದಲ್ಲಿ ಒಂದು ಕೆಲಸ ಎಲ್ಲರೂ ಮರೆತಿದ್ದರು. ಹುಡುಗಿಯನ್ನು ವಾಪಸ್ ಕಳಿಸಿದ ಸುದ್ದಿ ಅಜ್ಜಿಯ ಕಿವಿಗೆ ಕೂಗಿದವರು, ಅದು ಗಾಡಿಯ ಸುದ್ದಿ ಎಂದು ಮತ್ತೆ ಕೂಗಲಿಲ್ಲ. ಅಜ್ಜಿ ಚಹಾ ಕುಡಿದು ಮುಗಿಸಿದರು. ಕೋಲು ಊರಿಕೊಂಡು ಎದ್ದು ಬಂದು ವೈನಿಯ ಕೈ ಹಿಡಿದು, ಇಡೀ ಮನೆಗೆ ಕೇಳುವ ಹಾಗೆ ಸಮಾಧಾನ ಹೇಳಿದರು:

"ಮನಸಿಗಿ ಹಚ್ಕೋಬ್ಯಾಡವಾ. ಮೂರು ಮಂದಿ ವಾಪಸ್ ಕಳಿಸಿದ್ರ ಏನಾತು? ನಮ್ಮ ಹುಡುಗನ್ನ ಏಳು ಮಂದಿ ಬ್ಯಾಡ ಅಂದಾರ."