ಲೀಲಕ್ಕನ ಮನೆಗೆ ಸೇರಿದ ಗೆರೆಗಳು

ತಪ್ಪು ನನ್ನದು, ಅದರ ಫಲ ಉಂಡವರು ನಮ್ಮೂರು ಜಾವಳಿಯ ಲೀಲಕ್ಕ. ಮೂರು ವಾರ ಠಾಣೆಗೆ ಅಲೆದವರು ಅವರು, ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಲಾಗದೆ ಹೋದವರೂ ಅವರೇ. ಆ ಅವಧಿಯಲ್ಲಿ ನಾನು ಮೂರು ಖಂಡನಾ ನಿರ್ಣಯಗಳನ್ನು ಬರೆದೆ. ಅನ್ಯಾಯ ಕಂಡಲ್ಲಿ ಮಾಡಿದವರ ಹೆಸರು ಹೇಳಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವನು ನಾನು. ಈ ಸಲ ಪಟ್ಟಿಯ ಮೊದಲ ಹೆಸರು ನನ್ನದೇ ಆಗಿರುವುದರಿಂದ ಹೇಳುವುದು ತುಸು ನಿಧಾನವಾದೀತು, ಓದುಗರು ಕ್ಷಮಿಸಬೇಕು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಕಾಡಂಚಿನ ಜನರನ್ನು ಒಕ್ಕಲೆಬ್ಬಿಸುವುದರ ವಿರುದ್ಧ ನಮ್ಮ ಸಮಿತಿ ಸಹಿ ಸಂಗ್ರಹಿಸುತ್ತಿತ್ತು. ಆಗ ಚಿಕ್ಕಮಗಳೂರಿನ ಒಂದು ಶಿಬಿರದಲ್ಲಿ ನನಗೆ ಸಾಮಾಜಿಕ ಜಾಲ ವಿಶ್ಲೇಷಣೆಯೆಂಬ ವಿದ್ಯೆಯ ದರ್ಶನವಾಯಿತು. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಸೊನ್ನೆ, ಅವರ ನಡುವಿನ ಸಂಪರ್ಕಕ್ಕೆ ಒಂದು ಗೆರೆ. ಹೆಚ್ಚು ಗೆರೆಗಳು ಸೇರುವ ಸೊನ್ನೆಯೇ ಊರಿನ ಕೇಂದ್ರ. "ಈ ವಿಧಾನಕ್ಕೆ ಪಕ್ಷವಿಲ್ಲ, ಇದು ತಕ್ಕಡಿಯಷ್ಟೇ ತಟಸ್ಥ" ಎಂದರು ಶಿಬಿರದ ಮೇಷ್ಟ್ರು. ವ್ಯಾಪಾರಿಯ ತಕ್ಕಡಿಗೆ ಮೋಸಹೋಗುತ್ತಲೇ ಕಾಫಿ ಮಾರಿ ಬದುಕುವ ನಾಡಿನಲ್ಲಿ ನಿಂತು ತಕ್ಕಡಿ ತಟಸ್ಥವೆಂದು ಹೇಳಿದಾಗ ನಗಬೇಕಿತ್ತು. ನಾನು ಬರೆದುಕೊಂಡೆ.

ಊರಿಗೆ ಬಂದವನೇ ಸಹಿಯ ಹಾಳೆಗಳನ್ನು ಹರಡಿಕೊಂಡು, ಯಾರು ಯಾವ ಫೋನ್ ನಂಬರು ಕೊಟ್ಟಿದ್ದಾರೆಂದು ನೋಡಿ ಗೆರೆ ಎಳೆಯತೊಡಗಿದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ, ಗದ್ದೆಯಾಚೆಯ ಮನೆಗಳಲ್ಲಿ ಆಗ ಫೋನ್ ಎಲ್ಲಿತ್ತು? ಬಹುತೇಕರು ಹೊಲಿಗೆ ಕೆಲಸದ ಲೀಲಕ್ಕನ ಮನೆಯ ನಂಬರು ಕೊಟ್ಟು, ಪಕ್ಕದಲ್ಲಿ ‘ಪಿಪಿ’ ಎಂದು ಬರೆದಿದ್ದರು. ಫೋನ್ ನಮ್ಮದಲ್ಲ, ಆ ಮನೆಯವರು ನಮ್ಮನ್ನು ಕರೆದು ಕೊಡುತ್ತಾರೆ ಎಂದು ಅದರ ಅರ್ಥ. ಆ ಎರಡಕ್ಷರದಿಂದ ನಕ್ಷೆಯ ಅಂದ ಕೆಡುತ್ತದೆಂದು ನಾನು ಬಿಟ್ಟುಬಿಟ್ಟೆ. ಗೆರೆಗಳೆಲ್ಲ ಲೀಲಕ್ಕನ ಸೊನ್ನೆಗೆ ಹೋಗಿ ಸೇರಿದವು. ಅದಕ್ಕೆ ಕೆಂಪು ಶಾಯಿ ತುಂಬಿ, ನಕ್ಷೆಯನ್ನು ಸಮಿತಿಯ ಕಚೇರಿಯ ಗೋಡೆಗೆ ಅಂಟಿಸಿದೆ.

ಅದೇ ದಿನಗಳಲ್ಲಿ, ಕಾಡಿನಲ್ಲಿ ಬಂದೂಕು ಹಿಡಿದವರ ಕರಪತ್ರ ಸಿಕ್ಕಿತೆಂದು ಪೊಲೀಸರ ಓಡಾಟ ಹೆಚ್ಚಿತ್ತು. ಒಬ್ಬ ಸಬ್‌ಇನ್ಸ್‌ಪೆಕ್ಟರು ಕಚೇರಿಗೆ ಬಂದವರು ಗೋಡೆ ನೋಡಿ, "ಇದೇನ್ ಸಾರ್, ಜೇಡರ ಬಲೆ?" ಎಂದರು. ನನ್ನ ಭಾಷಣವನ್ನು ಅರ್ಧ ಗಂಟೆ ಆಕಳಿಸದೆ ಕೇಳಿದ ಮೊದಲ ಮನುಷ್ಯ ಅವರು. ಕೋಲು ಹಿಡಿದು ಗೆರೆಗೆರೆಯನ್ನೂ ವಿವರಿಸಿದೆ, ಕಾಫಿ ತರಿಸಿದೆ. "ಒಂದು ಪ್ರತಿ ಸಿಗಬಹುದಾ ಸಾರ್?" ಎಂದಾಗ, ಜ್ಞಾನ ಎಲ್ಲರ ಸ್ವತ್ತೆಂದು ನಾನೇ ಕುಳಿತು ಬರೆದು ಕೊಟ್ಟೆ. ಕೆಂಪು ಶಾಯಿಯನ್ನೂ ಮರೆಯಲಿಲ್ಲ.

ಮರುವಾರ ಲೀಲಕ್ಕನನ್ನು ಠಾಣೆಗೆ ಕರೆಸಿದರು. "ಎಲ್ಲಾ ಗೆರೆಯೂ ನಿಮ್ಮನೆಗೇ ಬರ್ತದಲ್ಲಮ್ಮ, ಯಾಕೆ?" ಎಂದು ಕೇಳಿದರಂತೆ. "ಫೋನಿನ ಕಂಬ ನಮ್ಮನೆ ತನಕ ಮಾತ್ರ ಬಂದಿರೋದು ಸಾರ್" ಎಂದರಂತೆ ಇವರು. ಉತ್ತರ ಸತ್ಯವೇ, ಆದರೆ ನನ್ನ ನಕ್ಷೆಯಲ್ಲಿ ಕಂಬವಿರಲಿಲ್ಲ.

ಗೆರೆಗೆ ಪಕ್ಷವಿಲ್ಲ, ಒಪ್ಪೋಣ. ಹೆರಿಗೆಯ ಸುದ್ದಿ ಹೊತ್ತ ಕರೆಯನ್ನೂ ಪಿತೂರಿಯ ಕರೆಯನ್ನೂ ಅದು ಒಂದೇ ದಪ್ಪದಲ್ಲಿ ತೋರಿಸುತ್ತದೆ. ಓದುವವರ ಕೈಯಲ್ಲಿ ಲಾಠಿಯಿದ್ದರೆ ಆ ತಟಸ್ಥತೆಯೇ ಅಪಾಯ. ಜನ ಲೀಲಕ್ಕನ ಅಂಗಳಕ್ಕೆ ಬರುವುದನ್ನು ಬಿಟ್ಟರು. ರವಿಕೆ ಹೊಲಿಸಲು ಕೂಡ ದೂರದ ಆಲ್ದೂರು ಪೇಟೆಗೆ ಹೋಗತೊಡಗಿದರು. ಪರಿಚಯವೇ ಅಪರಾಧವಾದ ಊರಿನಲ್ಲಿ ಯಾರು ಯಾರ ಪರವಾಗಿ ನಿಂತಾರು?

ನಾಮಪತ್ರದ ದಿನಗಳು ಬಂದವು. ಲೀಲಕ್ಕ ನಿಲ್ಲಬೇಕೆಂದು ಹಿಂದೆ ಹುರಿದುಂಬಿಸಿದ್ದವರೇ ಈಗ ಸೂಚಕರಾಗಿ ಸಹಿ ಹಾಕಲು ಹಿಂಜರಿದರು. ಕೊನೆಗೆ ಅವರು ನನ್ನ ಬಳಿ ಬಂದರು.

"ನೀವೂ ಇದೇ ವಾರ್ಡಿನವ್ರಲ್ವಾ ಮಾರಾಯ್ರೇ, ಒಂದು ಸಹಿ ಹಾಕಿ."

"ಸಮಿತಿಯಲ್ಲಿ ಚರ್ಚೆ ಮಾಡಿ ಹೇಳ್ತೇನೆ ಲೀಲಕ್ಕ."

"ನಂಗೆ ಕೆಂಪು ಶಾಯಿ ಬಳಿಯೋವಾಗ ಚರ್ಚೆ ಆಗಿತ್ತಾ?"

ಸಮಿತಿ ಸೇರುವಷ್ಟರಲ್ಲಿ ಗಡುವು ಮುಗಿದಿತ್ತು. ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಅವಿರೋಧವಾಗಿ ಆಯ್ಕೆಯಾದರು. ಊರಿನ ಒಗ್ಗಟ್ಟೆಂದು ಹಾರ ಬಿತ್ತು. ಅವಿರೋಧ ಆಯ್ಕೆ ಪ್ರಜಾಪ್ರಭುತ್ವಕ್ಕೆ ಹೇಗೆ ಮಾರಕವೆಂದು ನಾನು ನಾಲ್ಕು ಪುಟದ ಪ್ರತಿಭಟನಾ ಪತ್ರ ಬರೆದೆ. ಪ್ರತಿ ಪುಟದ ಕೆಳಗೂ ಸಹಿ ಹಾಕಿದೆ.

ಆದ್ದರಿಂದ ಆ ಠಾಣೆಯ ಅಧಿಕಾರಿಗಳಲ್ಲಿ ನನ್ನ ಆಗ್ರಹವಿಷ್ಟೆ: ನಕ್ಷೆಯನ್ನು ಕಡತದಿಂದ ತೆಗೆದು ಲೀಲಕ್ಕನ ಕೈಗೇ ಕೊಡಿ. ಅವರ ಮೇಲೆ ಯಾವ ಸಂಶಯವೂ ಇಲ್ಲವೆಂದು ಬರೆದು, ಮೊಹರು ಒತ್ತಿ, ಪಂಚಾಯಿತಿಯ ಬೋರ್ಡಿಗೆ ಅಂಟಿಸಿ. ಗೆರೆಗಳ ಬಗ್ಗೆ ಇನ್ನೂ ಕೇಳುವುದಿದ್ದರೆ ಎಳೆದ ನನ್ನನ್ನು ಕರೆಸಿ. ಸಮಿತಿಯನ್ನು ಕೇಳದೆ ಬರುತ್ತೇನೆ.